ಕೂಸಿನ ತೂಕಕ್ಕೆ ತಾಯಿಯೊಬ್ಬಳೇ ಹೊಣೆಯೆ?

ಹುಟ್ಟಿದ ಕೂಸು ಸಣ್ಣದಾಗಿದ್ದರೆ ಸೊಸೆಯತ್ತ ಬೆರಳು ತೋರುವ ಮನೆಗಳನ್ನು ನಾವು ಕಂಡಿದ್ದೇವೆ. 'ಸರಿಯಾಗಿ ಉಣ್ಣಲಿಲ್ಲ' ಎಂಬುದೇ ಅಲ್ಲಿಯ ತೀರ್ಪು. ವಿಜ್ಞಾನವು ಈ ತೀರ್ಪನ್ನು ಎಲ್ಲ ವೇಳೆಯೂ ಒಪ್ಪುವುದಿಲ್ಲ.

ತಾಯಿಯ ರಕ್ತದಲ್ಲಿನ ಸಕ್ಕರೆಯು ಮಾಸಿನ ಮೂಲಕ ಗರ್ಭಸ್ಥ ಶಿಶುವನ್ನು ಸೇರುತ್ತದೆ. ಶಿಶುವಿನ ಮೇದೋಜೀರಕ ಗ್ರಂಥಿಯು ಅದನ್ನರಿತು ಇನ್ಸುಲಿನ್ ಸ್ರವಿಸುತ್ತದೆ. ಅದೇ ಬೆಳವಣಿಗೆಗೆ ಪ್ರೇರಕ. ಸಕ್ಕರೆಯನ್ನು ಅರಿಯುವ ಕಾರ್ಯ ಗ್ಲೂಕೋಕೈನೇಸ್ ಎಂಬ ಕಿಣ್ವದ್ದು. ಈ ಕಿಣ್ವದ ಜೀನಿನಲ್ಲಿ ದೋಷವಿರುವ ಕುಟುಂಬಗಳನ್ನು ಕುರಿತು ಬ್ರಿಟನ್ನಿನ ವೈದ್ಯ ಆಂಡ್ರ್ಯೂ ಹ್ಯಾಟರ್ಸ್ಲಿ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವು ಮನನೀಯವಾದುದು. ದೋಷವು ಶಿಶುವಿನಲ್ಲಿ ಮಾತ್ರ ಇದ್ದರೆ ಇನ್ಸುಲಿನ್ ತಗ್ಗಿ, ತೂಕ ಸುಮಾರು 500 ಗ್ರಾಂ ಕಡಿಮೆಯಾಗುತ್ತದೆ. ತಾಯಿಯಲ್ಲಿ ಮಾತ್ರ ಇದ್ದರೆ ಅವಳ ರಕ್ತದ ಸಕ್ಕರೆಯೇರಿ, ಶಿಶು ಸುಮಾರು 600 ಗ್ರಾಂ ಹೆಚ್ಚು ತೂಗುತ್ತದೆ. ಇಬ್ಬರಲ್ಲಿಯೂ ಇದ್ದರೆ ಎರಡೂ ಸರಿದೂಗಿ ತೂಕ ಸಾಮಾನ್ಯವಾಗಿಯೇ ಇರುತ್ತದೆ.

ಈ ದೋಷವು ತಂದೆಯಿಂದಲೂ ಬರಬಹುದು. ಆಗ ತಾಯಿ ಆರೋಗ್ಯವಂತಳಾಗಿ, ಹೊಟ್ಟೆತುಂಬ ಉಂಡಿದ್ದರೂ ಕೂಸು ಹಗುರವಾಗಿ ಹುಟ್ಟೀತು! ಇಂಥ ದೋಷ ವಿರಳವೆಂಬುದು ನಿಜ. ಆಹಾರದ ಕೊರತೆ, ರಕ್ತಹೀನತೆಗಳ ಪಾತ್ರವನ್ನೂ ಅಲ್ಲಗಳೆಯಲಾಗದು. ಆದರೆ ಕಾರಣವನ್ನು ಹುಡುಕುವುದು ವೈದ್ಯರ ಕೆಲಸ. 2500 ಗ್ರಾಮಿಗಿಂತ ಕಡಿಮೆ ತೂಗುವ ಕೂಸಿಗೆ ಎದೆಹಾಲು, ಬೆಚ್ಚನೆಯ ಮಡಿಲು ದೊರೆಯುವಂತೆ ನೋಡಿಕೊಳ್ಳುವುದು, ಬಾಣಂತಿಗೆ ಒಂದು ಒಳ್ಳೆಯ ಮಾತಾಡುವುದು ಮನೆಯ ಹಿರಿಯರಾದ ನಮ್ಮೆಲ್ಲರ ಕೆಲಸ.