ಕಂಪ್ಯೂಟರಿನ ಬಿಸಿಗೆ ಗಾಳಿಯೋ, ನೀರೋ?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಬೇಸಗೆಯಲ್ಲಿ ರಾಯಚೂರಿನಿಂದ ನನಗೊಂದು ಕಾಗದ ಬರೆದಳು. ಆಕೆಯ ಹಿರಿಯ ಮಗಳು ಇಂಜಿನಿಯರಿಂಗ್ ಕಾಲೇಜನ್ನು ಸೇರಿದ್ದು, ಅವಳಿಗಾಗಿ ಮೇಜಿನ ಕಂಪ್ಯೂಟರೊಂದನ್ನು ಕಟ್ಟಿಸಿಕೊಡಬೇಕೆಂದು ಗಂಡಹೆಂಡಿರು ಎರಡು ವರ್ಷ ಹಣ ಕೂಡಿಸಿಟ್ಟಿದ್ದರು. ಅಂಗಡಿಯವನು ಕೊಟ್ಟ ಪಟ್ಟಿಯಲ್ಲಿ ಪ್ರೊಸೆಸರನ್ನು ನೀರಿನಿಂದ ತಣಿಸುವ ಸಾಧನಕ್ಕೆಂದೇ ಒಂಬತ್ತು ಸಾವಿರ ರೂಪಾಯಿ ಬರೆದಿತ್ತು. “ಟೀಚರಮ್ಮನವರೇ, ನಮ್ಮೂರಿನ ಬಿಸಿಲು ತಮಗೆ ತಿಳಿಯದ್ದಲ್ಲ. ನೀರಿನದೇ ಹಾಕಿಸದಿದ್ದರೆ ಯಂತ್ರ ಸುಟ್ಟುಹೋದೀತೆಂದು ಹೆದರಿಸುತ್ತಾರೆ. ಇಷ್ಟು ಹಣ ಕೊಡುವುದಾದರೆ ಕಿರಿಯವಳ ಫೀಜಿಗಿಟ್ಟದ್ದಕ್ಕೆ ಕೈಹಾಕಬೇಕು. ಏನು ಮಾಡಲಿ?” ಎಂಬುದಾಗಿ ಕೇಳಿದ್ದಳು. ಇದೇ ಸಂದೇಹವುಳ್ಳ ತಾಯಿತಂದೆಗಳು ಇನ್ನೂ ಅನೇಕರಿರುವುದರಿಂದ, ಆಕೆಗೆ ಬರೆದ ಉತ್ತರವನ್ನೇ ತುಸು ವಿಸ್ತರಿಸಿ ಇಲ್ಲಿ ಕೊಡುತ್ತೇನೆ.

ಲೆಕ್ಕವನ್ನೆಲ್ಲ ಮಾಡುವ ಪ್ರೊಸೆಸರು ತಾನು ತೆಗೆದುಕೊಂಡ ವಿದ್ಯುತ್ತನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವನ್ನಾಗಿ ಹೊರಗೆಡಹುತ್ತದೆ. ಹಿಂದಿನ 60 ವ್ಯಾಟಿನ ದೀಪದ ಬುರುಡೆಯನ್ನು ಮುಟ್ಟಿ ಕೈ ಸುಟ್ಟುಕೊಂಡವರು ನಮ್ಮಲ್ಲಿ ಬಹು ಮಂದಿ ಇದ್ದೇವೆ. ಅಷ್ಟೇ ಶಾಖವು ಅಂಚೆಚೀಟಿಗಿಂತ ಚಿಕ್ಕದಾದ ತುಣುಕೊಂದರಿಂದ ಹೊರಡುವುದೆಂದು ಭಾವಿಸಿಕೊಳ್ಳಿರಿ. ಆದರೆ ಎಲ್ಲ ಪ್ರೊಸೆಸರುಗಳ ಶಾಖವೂ ಒಂದೇ ಅಲ್ಲ. ಎಎಂಡಿ ಕಂಪೆನಿಯ ರೈಜೆನ್ 5 7600 ಎಂಬುದರ ಮೇಲೆ 65 ವ್ಯಾಟು ಎಂದು ನಮೂದಿಸಿದೆ. ಭರದ ಕೆಲಸದಲ್ಲಿ ಅದು 88ರವರೆಗೆ ಹೋಗಬಹುದು. ಇಂಟೆಲ್ ಕಂಪೆನಿಯ ಕೋರ್ ಐ9-14900ಕೆ ಎಂಬುದಾದರೋ 253 ವ್ಯಾಟುಗಳವರೆಗೆ ಏರುತ್ತದೆ. ಅಂಗಡಿಗೆ ಹೋಗುವ ಮುನ್ನ ಈ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳಬೇಕು. ಇದನ್ನರಿಯದೆ ಗಾಳಿಯೋ ನೀರೋ ಎಂದು ವಾದಿಸುವುದು ಎಷ್ಟು ಮಂದಿ ಉಣ್ಣುವರೆಂದು ತಿಳಿಯದೆ ಪಾತ್ರೆ ಕೊಳ್ಳಹೊರಟಂತೆ.

ಸುಟ್ಟುಹೋದೀತೆಂಬ ಮಾತು ಅತಿಶಯವೇ ಸರಿ. ಇಂದಿನ ಪ್ರೊಸೆಸರು 95 ಅಥವಾ 100 ಡಿಗ್ರಿಯ ಮಿತಿಯನ್ನು ಮುಟ್ಟಿದೊಡನೆ ತಾನೇ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಮೀರಿದರೆ ಯಂತ್ರವೇ ನಿಂತುಹೋಗುತ್ತದೆ. ನಷ್ಟವಾಗುವುದು ಬಹುಮಟ್ಟಿಗೆ ವೇಗ, ಯಂತ್ರವಲ್ಲ.

ಇನ್ನು ನೀರಿನ ವಿಷಯ. ನೀರೆಂದರೆ ತಂಪು ಎಂಬ ಭಾವನೆ ನಮಗೆ ಮಣ್ಣಿನ ಹೂಜಿಯಿಂದ ಬಂದದ್ದು. ಹೂಜಿಯ ನೀರು ಹೊರಮೈಯಲ್ಲಿ ಆರಿ ಆವಿಯಾಗಿ ಹೋಗುವುದರಿಂದ ಒಳಗಿನದು ಕೋಣೆಯ ಗಾಳಿಗಿಂತಲೂ ತಣ್ಣಗಾಗುತ್ತದೆ. ಕಂಪ್ಯೂಟರಿನ ಕೊಳವೆಗಳಲ್ಲಿ ಹರಿಯುವ ದ್ರವವಾದರೋ ಮುಚ್ಚಿದ ದಾರಿಯಲ್ಲಿ ಸುತ್ತುತ್ತಿರುತ್ತದೆ, ಅದು ಆರುವುದಿಲ್ಲ. ಪಂಪು ಅದನ್ನು ಪ್ರೊಸೆಸರಿನ ಮೇಲಣ ತಾಮ್ರದ ತಟ್ಟೆಯಿಂದ ರೇಡಿಯೇಟರಿಗೆ ಒಯ್ಯುವುದು. ಅಲ್ಲಿ ಫ್ಯಾನುಗಳು ಬೀಸಿ ಶಾಖವನ್ನು ಕೋಣೆಯ ಗಾಳಿಗೆ ದಾಟಿಸುವುವು. ಅಷ್ಟೇ ಗಾತ್ರದ ಗಾಳಿಗಿಂತ ನೀರು 3000 ಪಟ್ಟಿಗೂ ಹೆಚ್ಚು ಶಾಖವನ್ನು ಹೊರಬಲ್ಲುದೆಂಬುದು ನಿಜ. ಆದರೂ ಅದು ಹೊರೆಯಾಳು ಮಾತ್ರ. ಹೊರೆಯನ್ನು ಇಳಿಸುವ ಜಾಗ ಕೋಣೆಯ ಗಾಳಿಯೇ.

ಗಾಳಿಯ ಸಾಧನವೆಂದು ಕರೆಯುವುದರೊಳಗೂ ನೀರು ಅಡಗಿದೆ ಎಂದರೆ ಅನೇಕರು ನಗುತ್ತಾರೆ. ಅದರ ತಾಮ್ರದ ಕೊಳವೆಗಳು ಗಟ್ಟಿ ಕಡ್ಡಿಗಳಲ್ಲ. ಒಳಗಿನ ಗಾಳಿಯನ್ನು ತೆಗೆದು, ಸ್ವಲ್ಪವೇ ನೀರನ್ನಿಟ್ಟು ಬಾಯಿ ಮುಚ್ಚಿದವು. ಒತ್ತಡ ಕಡಿಮೆಯಾದ್ದರಿಂದ ಆ ನೀರು ಅಲ್ಪ ಬಿಸಿಗೇ ಕುದಿದು, ಆವಿಯಾಗಿ ಮೇಲಣ ತಂಪು ತುದಿಗೆ ಹೋಗಿ, ಅಲ್ಲಿ ಹನಿಯಾಗಿ, ಒಳಮೈಯ ಬತ್ತಿಯಂಥ ಪದರದ ಮೂಲಕ ಹಿಂದಿರುಗುತ್ತದೆ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಗ್ರೋವರ್ ಎಂಬ ವಿಜ್ಞಾನಿ 1963ರಲ್ಲಿ ಇದನ್ನು ರೂಪಿಸಿದನು. ಪಂಪಿಲ್ಲದೆ ತಾನೇ ನಡೆಯುವ ಈ ಯುಕ್ತಿಯನ್ನು ಎಷ್ಟು ಹೊಗಳಿದರೂ ಕಡಿಮೆ. ಕೊಳವೆಗಳಿಗೆ ಪೋಣಿಸಿದ ಅಲ್ಯುಮಿನಿಯಮ್ಮಿನ ತೆಳು ಹಾಳೆಗಳು, ಬಿಸಿ ಕಾಫಿಯನ್ನು ಅಗಲವಾದ ಬಟ್ಟಲಿಗೆ ಸುರಿದು ಆರಿಸುವಂತೆ, ಗಾಳಿಗೆ ಹೆಚ್ಚು ಮೈಯನ್ನು ಒಡ್ಡುತ್ತವೆ. ಕೆಡಬಹುದಾದದ್ದು ಫ್ಯಾನು ಒಂದೇ. ಅದು ನಿಂತರೆ ಕೆಲವು ನೂರು ರೂಪಾಯಿಗಳಲ್ಲಿ ಬೇರೊಂದನ್ನು ಸಿಕ್ಕಿಸಬಹುದು.

ನೀರಿನದರಲ್ಲಿ ಪಂಪು ನಿಂತರೆ ಹಾಗಲ್ಲ. ನನ್ನ ಕಚೇರಿಯ ಯಂತ್ರಕ್ಕೆ ಹಿಂದೊಮ್ಮೆ ಅಂಥದನ್ನು ಹಾಕಿಸಿದ್ದೆವು. ನಾಲ್ಕನೆಯ ವರ್ಷ, ಸರಿಯಾಗಿ ಫಲಿತಾಂಶದ ವಾರದಲ್ಲಿ, ಪಂಪು ಮೌನವಾಯಿತು. ಯಂತ್ರ ಹಚ್ಚಿದ ಕೆಲವೇ ನಿಮಿಷಗಳಿಗೆ ಆರಿಹೋಗುತ್ತಿತ್ತು. ಪೂರ್ತಿ ಮುಚ್ಚಿದ ಸಾಧನವಾದ್ದರಿಂದ ರಿಪೇರಿ ಸಾಧ್ಯವಿಲ್ಲವೆಂದರು. ಅಂಕಪಟ್ಟಿಗಳನ್ನು ಮೂರು ದಿನ ಕೈಯಿಂದ ಬರೆದೆವು. ಸೋರುವ ಭಯವೂ ಕೇವಲ ಕಲ್ಪನೆಯಲ್ಲ: ಆಪಲ್ ಕಂಪೆನಿಯು 2004ರಲ್ಲಿ ದ್ರವದಿಂದ ತಣಿಸುವ ಪವರ್ ಮ್ಯಾಕ್ ಜಿ5 ಯಂತ್ರಗಳನ್ನು ಮಾರಿತು; ಅವುಗಳಲ್ಲಿ ಕೆಲವು ಮುಂದೆ ಸೋರಿ ಕೆಟ್ಟವು. ಈಗಿನವು ಸೋರುವುದು ಅಪರೂಪ.

ರಾಯಚೂರಿನ ಬಿಸಿಲಿಗೆ ಬರೋಣ. ಒಂದು ಸಾಧನವು ಪ್ರೊಸೆಸರನ್ನು ಕೋಣೆಗಿಂತ 45 ಡಿಗ್ರಿ ಮೇಲೆ ಇಡುವುದೆನ್ನೋಣ. ಕೋಣೆ 27 ಇದ್ದಾಗ ಅದು 72; ಕೋಣೆ 42 ಆದಾಗ ಸುಮಾರು 87. ಸಾಧನ ನೀರಿನದಾದರೂ ಈ ಏರಿಕೆ ತಪ್ಪದು. ಆದಕಾರಣ ಬಿಸಿಲೂರಿಗೆ ನೀರೇ ಬೇಕೆಂಬ ವಾದ ನಿಲ್ಲುವುದಿಲ್ಲ. ಅಲ್ಲಿ ಹೆಚ್ಚು ಉಪಕಾರ ಮಾಡುವುದು ಪೆಟ್ಟಿಗೆಯನ್ನು ಗೋಡೆಗೆ ಒತ್ತದೆ ಇಡುವುದು ಮತ್ತು ಮೂರು ತಿಂಗಳಿಗೊಮ್ಮೆ ಧೂಳು ತೆಗೆಯುವುದು. ಧೂಳನ್ನು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು.

ಹಾಗಾದರೆ ನೀರಿನದು ಯಾರಿಗೆ? ಬೆಂಗಳೂರಿನಲ್ಲಿರುವ ಇನ್ನೊಬ್ಬ ಹಳೆಯ ವಿದ್ಯಾರ್ಥಿನಿ ಚಲನಚಿತ್ರಗಳಿಗೆ ಬೊಂಬೆಯಾಟದಂಥ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ರಚಿಸುತ್ತಾಳೆ. ಆಕೆಯ ಪ್ರೊಸೆಸರು 250 ವ್ಯಾಟಿನ ವರ್ಗದ್ದು. ರಾತ್ರಿಯೆಲ್ಲ ಬಿಡುವಿಲ್ಲದೆ ದುಡಿಯುತ್ತದೆ. ಆಕೆಗೆ 360 ಮಿಲಿಮೀಟರಿನ ರೇಡಿಯೇಟರುಳ್ಳ ನೀರಿನ ಸಾಧನವನ್ನೇ ಕೊಳ್ಳೆಂದು ಹೇಳಿದೆನು. ಮೂರು ಫ್ಯಾನುಗಳು ಮೆಲ್ಲನೆ ತಿರುಗಿ ಅಷ್ಟು ಶಾಖವನ್ನು ಹೊರಹಾಕುವುವು. ಗಾಳಿಯದರಲ್ಲಿ ಹೆಸರಾದ ನಾಕ್ಟುವಾ ಎನ್‌ಎಚ್-ಡಿ15 ಕೂಡ ಬಲಶಾಲಿಯೇ; ಆದರೆ ಫ್ಯಾನುಗಳೊಡನೆ 1320 ಗ್ರಾಂ ತೂಗಿ 165 ಮಿಲಿಮೀಟರು ಎತ್ತರವಿರುವ ಅದು ಆಕೆಯ ಪೆಟ್ಟಿಗೆಯಲ್ಲಿ ಹಿಡಿಸುತ್ತಿರಲಿಲ್ಲ. ಕೂರಿಸುವಾಗ ಪಂಪು ಎಲ್ಲಕ್ಕಿಂತ ಮೇಲೆ ಬಾರದಂತೆ ನೋಡಿಕೊಳ್ಳಬೇಕೆಂದೂ ತಿಳಿಸಿದೆನು. ಒಳಗಿನ ಗಾಳಿಗುಳ್ಳೆಗಳು ಎತ್ತರದ ಜಾಗದಲ್ಲಿ ಸೇರುತ್ತವೆ, ಅಲ್ಲಿ ಪಂಪಿದ್ದರೆ ಅದು ಗುರುಗುಟ್ಟಿ ಬೇಗ ಸವೆಯುತ್ತದೆ.

ರಾಯಚೂರಿನ ಹುಡುಗಿಯದು 65 ವ್ಯಾಟಿನ ಪ್ರೊಸೆಸರು. ನಾಲ್ಕು ಕೊಳವೆಗಳುಳ್ಳ ಗಾಳಿಯ ಸಾಧನವೊಂದನ್ನು ಸುಮಾರು ಎರಡೂವರೆ ಸಾವಿರಕ್ಕೆ ಕೊಂಡರು. ಕಿರಿಯವಳ ಫೀಜಿನ ಹಣ ಮುಟ್ಟಲಿಲ್ಲ. ಮೇ ತಿಂಗಳ ಮಧ್ಯಾಹ್ನ ಭರದ ಕೆಲಸದಲ್ಲಿ 84 ಡಿಗ್ರಿ ತೋರಿಸಿತೆಂದು ತಾಯಿ ಗಾಬರಿಯಿಂದ ಬರೆದಳು, ಚಿಂತೆಯಿಲ್ಲವೆಂದು ಉತ್ತರಿಸಿದೆನು. ಆಗ ಫ್ಯಾನಿನ ಸದ್ದಿಗೆ ಅಜ್ಜಿಯ ನಿದ್ದೆ ಕೆಡುವುದರಿಂದ ಮೇಜನ್ನು ಪಡಸಾಲೆಯ ಆಚೆ ಬದಿಗೆ ಸರಿಸಿದ್ದಾರಂತೆ.