ಗಿಟಾರ್ ನುಡಿಸಲು ಬಾರದ ಅಕೌಂಟಿಂಗ್ ಹುಡುಗ ಮಾಡಿದ ಗಿಟಾರ್

ಈ ಎಪಿಸೋಡ್, ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್ ತಗೊಂಡು "ಎಷ್ಟು ಟ್ಯೂನ್ ಮಾಡಿದ್ರೂ ಅಪಸ್ವರ" ಅಂತ ಮಾರೋಕೆ ಹೊರಟಿರೋರಿಗೆ. ಸ್ವಲ್ಪ ತಡೀರಿ.

ಲಿಯೋ ಫೆಂಡರ್ ಓದಿದ್ದು ಅಕೌಂಟಿಂಗ್. ಲೆಕ್ಕ ಬರೆಯೋ ಕೆಲಸ ಹೋದಮೇಲೆ, 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟರು. ಗಿಟಾರ್ ನುಡಿಸೋಕೆ ಬರ್ತಿರಲಿಲ್ಲ. ಬಿಕಾಂ ಓದಿದ ನನಗಂತೂ ಈ ಕಥೆ ಬಹಳ ಇಷ್ಟ!

ಆ ಕಾಲದ ಹೆಚ್ಚಿನ ಗಿಟಾರ್‌ಗಳ ಒಳಗೆ ಟೊಳ್ಳು. ಆಂಪ್ಲಿಫಯರ್ ಜೋರು ಮಾಡಿದ್ರೆ ಸ್ಪೀಕರ್ ಸದ್ದಿಗೆ ಗಿಟಾರಿನ ಹೊಟ್ಟೆಯೇ ಅದುರಿ, ಅದು ಮತ್ತೆ ಪಿಕಪ್‌ಗೆ ಹೋಗಿ, ಕೊಂಯ್ ಅಂತ ಕೂಗೋದು. ಗಟ್ಟಿ ಮರವಾದ್ರೆ ಈ ಕಾಟ ಬಹಳ ಕಡಿಮೆ. ಗಿಟಾರಿಸ್ಟ್ ಲೆಸ್ ಪಾಲ್ ಇದನ್ನ ಮೊದಲೇ ಮರದ ತೊಲೆಯಲ್ಲಿ ಮಾಡಿ ನೋಡಿದ್ದರು. ಫೆಂಡರ್ ಅದನ್ನ ಕಾರ್ಖಾನೆಯ ಮಾಲಾಗಿಸಿದರು. 1950ರ ಬ್ರಾಡ್‌ಕಾಸ್ಟರ್, ಗ್ರೆಚ್ ಕಂಪನಿಯ ಡ್ರಮ್ ಹೆಸರಿನ ತಕರಾರಿಂದಾಗಿ 1951ರಲ್ಲಿ ಟೆಲಿಕಾಸ್ಟರ್ ಆಯ್ತು. ಗಿಬ್ಸನ್‌ನ ಲೆಸ್ ಪಾಲ್ ಬಂದಿದ್ದು 1952ರಲ್ಲಿ, ಸ್ಟ್ರಾಟೋಕಾಸ್ಟರ್ 1954ರಲ್ಲಿ.

ಗಿಬ್ಸನ್ ನೆಕ್ಕನ್ನ ಗೋಂದು ಹಾಕಿ ಕೂರಿಸಿದ್ರೆ, ಫೆಂಡರ್ ನಾಲ್ಕು ಸ್ಕ್ರೂ ಹೊಡೆದರು. ಕೆಟ್ಟರೆ ಬಿಚ್ಚು, ಬದಲಾಯಿಸು! ರಿಪೇರಿ ಅಂಗಡಿಯವರ ಬುದ್ಧಿ ಅಂದ್ರೆ ಇದೇ. ನಿಮ್ಮ ಗಿಟಾರ್ ಇದೇ ಮಾದರಿಯದ್ದಾದ್ರೆ ಅರ್ಧ ಕಾಯಿಲೆ ಮನೆಯಲ್ಲೇ ವಾಸಿಯಾಗುತ್ತೆ.

ಮೊದಲು ಹೊಸ ತಂತಿ ಹಾಕಿ, ಟ್ಯೂನ್ ಮಾಡಿ. ದಪ್ಪ ತಂತಿಯನ್ನ ಮೊದಲ ಮತ್ತು ಕೊನೇ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ ಹಿಡೀರಿ. 7ನೇ ಫ್ರೆಟ್ ಮೇಲೆ ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಇದ್ರೆ ನೆಕ್ ಸರಿಯಿದೆ. ಜಾಸ್ತಿ ಇದ್ರೆ, ತಂತಿಗಳ ಎಳೆತಕ್ಕೆ ನೆಕ್ ಬಾಗಿದೆ ಅಂತ ಅರ್ಥ. ಒಳಗಿನ ಟ್ರಸ್ ರಾಡ್ ಅನ್ನ ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ಬಿಗಿ ಮಾಡಿ. ಗಟ್ಟಿಯಾಗಿ ತಡೆದ್ರೆ ಬಲ ಹಾಕಬೇಡಿ, ಮೆಕ್ಯಾನಿಕ್ ಹತ್ರ ಹೋಗಿ.

ಆಮೇಲೆ ತಂತಿಯ ಎತ್ತರ. 17ನೇ ಫ್ರೆಟ್ ಹತ್ರ ಸುಮಾರು 1.6 ಮಿಲಿಮೀಟರ್ ಸಾಕು. ಎತ್ತರ ಜಾಸ್ತಿಯಾದ್ರೆ ಒತ್ತಿದಾಗ ತಂತಿ ಹೆಚ್ಚು ಹಿಗ್ಗಿ, ಸ್ವರ ಮೇಲೇರುತ್ತೆ. ನಿಮ್ಮ ಅಪಸ್ವರದ ಮೂಲ ಬಹುಶಃ ಇಲ್ಲೇ.

ಕೊನೆಗೆ, 12ನೇ ಫ್ರೆಟ್ ಒತ್ತಿ ಟ್ಯೂನರ್ ನೋಡಿ. ಖಾಲಿ ತಂತಿಯದೇ ಸ್ವರ, ಒಂದು ಸ್ಥಾಯಿ ಮೇಲೆ ಬರಬೇಕು. ಏರಿದ್ರೆ ಸ್ಯಾಡಲ್, ಅಂದ್ರೆ ಬ್ರಿಡ್ಜ್‌ನಲ್ಲಿ ತಂತಿ ಕೂರೋ ತುಂಡನ್ನ, ಹಿಂದಕ್ಕೆ ಸರಿಸಿ. ಇಳಿದಿದ್ರೆ ನೆಕ್ ಕಡೆಗೆ. ಪ್ರತಿ ಸಲ ಮತ್ತೆ ಟ್ಯೂನ್ ಮಾಡಿ ನೋಡಿ. ಸ್ಟ್ರಾಟೋಕಾಸ್ಟರ್‌ನಲ್ಲಿ ತಂತಿಗೊಂದು ಸ್ಯಾಡಲ್. ಹಳೇ ಮಾದರಿಯ ಟೆಲಿಕಾಸ್ಟರ್‌ನಲ್ಲಿ ಆರು ತಂತಿಗೆ ಮೂರೇ, ಹಾಗಾಗಿ ಒಂದು ಸ್ಯಾಡಲ್ ಹಂಚಿಕೊಂಡ ಎರಡು ತಂತಿಗಳ ಮಧ್ಯೆ ನೀವೇ ರಾಜಿ ಮಾಡಿಸಬೇಕು.