ಬಣ್ಣದ ಬ್ರಷ್ಷು ಮೆತ್ತಗಿರಲಿ

ಘಾಟಿ ದನಗಳ ಜಾತ್ರೆ ಹತ್ತಿರವಾದರೆ ದೊಡ್ಡಬಳ್ಳಾಪುರದ ಕಡೆ ಗಾಡಿಗೂ ಬಾಗಿಲಿಗೂ ಬಣ್ಣ ಬಳಿಯುತ್ತೀರಿ. ಕೆಲಸ ಮುಗಿದೊಡನೆ ಬ್ರಷ್ಷನ್ನು ಹಾಗೆಯೇ ಸೂರಿಗೆ ಸಿಕ್ಕಿಸಿದರೆ ಮರುವರ್ಷ ಅದು ಕಡ್ಡಿಯಂತೆ ಸೆಟೆದಿರುತ್ತದೆ.

ಎಣ್ಣೆಬಣ್ಣ ನೀರಿಗೆ ಬಿಡದು. ಮೊದಲು ಹಳೇ ಬಟ್ಟೆಗೆ ಒರೆಸಿ. ಟರ್ಪೆಂಟೈನಿನಲ್ಲಿ ಎರಡು ಮೂರು ಸಲ ಅದ್ದಿ, ಕೂದಲ ಬುಡದ ಬಣ್ಣವನ್ನೂ ಬಿಡಿಸಿ. ಬಳಿಕ ಸೋಪುನೀರಲ್ಲಿ ತೊಳೆದು, ನೆರಳಲ್ಲಿ ಕೂದಲು ಕೆಳಮುಖವಾಗಿ ತೂಗುಹಾಕಿ. ಒಣಗಿದ ಮೇಲೆ ಕಾಗದ ಸುತ್ತಿಡಿ. ಸುಣ್ಣದ ಬ್ರಷ್ಷಿಗೆ ನೀರೇ ಸಾಕು. ಆದರೆ ಸುಣ್ಣ ಗಾಳಿಗೆ ಕಲ್ಲಾಗುತ್ತದೆ, ಹಸಿ ಇರುವಾಗಲೇ ತೊಳೆಯಿರಿ.

ಒಲೆಯ ಹತ್ತಿರ ಟರ್ಪೆಂಟೈನ್ ಬೇಡವೇ ಬೇಡ. ತೊಳೆದದ್ದನ್ನು ಬಾವಿಯ ಬಳಿ ಚೆಲ್ಲಬೇಡಿ. ಹಳೇ ಬಣ್ಣದಲ್ಲಿ ಸೀಸವಿರುವುದುಂಟು. ಡಬ್ಬ ನೆಕ್ಕಿದ ದನ ಕಣ್ಣು ಕಳೆದುಕೊಂಡು ಸಾಯಬಹುದು. ಬ್ರಷ್ಷು ಹೋದರೆ ಸಂತೆಯಲ್ಲಿ ಸಿಕ್ಕೀತು, ಎತ್ತು ಹೋದರೆ?